ಕಿಸೆಯಲ್ಲಿಟ್ಟ ಧೈರ್ಯ

ಇಳಕಲ್ಲಿನಲ್ಲಿ ಕೆಂಪು ಗ್ರಾನೈಟ್ ಕಲ್ಲಿನ ವ್ಯಾಪಾರ ಮಾಡುವ ನನ್ನ ಮಿತ್ರರೊಬ್ಬರು ಮೊನ್ನೆ ರವಿವಾರ ಬಾಗಲಕೋಟೆಯ ನಮ್ಮ ಮನೆಗೆ ಬಂದಿದ್ದರು. ಚಹ ಕುಡಿದು, ಮಳೆ-ಬೆಳೆಗಳ ಮಾತು ಮುಗಿದ ಮೇಲೆ, ಅಂಗಿಯ ಒಳಕಿಸೆಯಿಂದ ನಾಲ್ಕಾಗಿ ಮಡಚಿದ ಕಾಗದವೊಂದನ್ನು ತೆಗೆದರು. ಮಗಳಿಗೆ ಬಂದ ವರನ ಜಾತಕವಿರಬೇಕೆಂದು ನಾನು ಕನ್ನಡಕ ಹಾಕಿಕೊಂಡೆ. ಜಾತಕವಲ್ಲ, ಮೂರು ರಿವಾಲ್ವರುಗಳ ತೂಕ, ಉದ್ದ, ಬೆಲೆಗಳನ್ನು ಪಕ್ಕಪಕ್ಕಕ್ಕೆ ಬರೆದ ಪಟ್ಟಿ!

"ಲೈಸೆನ್ಸು ಈ ತಿಂಗಳ ಕೈಗೆ ಬರತೈತಿ. ಸಣ್ಣದಿರಬೇಕು, ಅಂಗಿಯೊಳಗ ಕಾಣಬಾರದು. ನೀವು ಹನ್ನೊಂದು ವರ್ಷ ಇಟಗೊಂಡವರು. ಯಾವುದು ತಗೊಳ್ಳಲಿ, ಹೇಳ್ರಿ," ಎಂದರು.

ಕೇಳಿದ ಪ್ರಶ್ನೆಗೆ ಮೊದಲು ಉತ್ತರ ಕೊಡಬೇಕು, ಉಪದೇಶವೇನಿದ್ದರೂ ಆಮೇಲೆ ಎಂಬುದು ನನ್ನ ನಿಯಮ. ಆದ್ದರಿಂದ ಪಟ್ಟಿಯನ್ನು ಕೈಗೆ ತೆಗೆದುಕೊಂಡೆ.

ನಮ್ಮ ದೇಶದಲ್ಲಿ ಈ ಆಯ್ಕೆಯ ಬಹುಭಾಗವನ್ನು ಕಾನೂನೇ ಮಾಡಿಬಿಟ್ಟಿದೆ. ಸೈನಿಕರೂ ಪೊಲೀಸರೂ ಬಳಸುವ .380, .455, 9 ಮಿ.ಮೀ. ತೋಟಾಗಳು ಹಿಡಿಸುವ ಯಾವ ರಿವಾಲ್ವರೂ ಪಿಸ್ತೂಲೂ ಸಾಮಾನ್ಯ ನಾಗರಿಕನಿಗೆ ನಿಷಿದ್ಧ. 1980ರ ದಶಕದ ಮಧ್ಯದಿಂದ ವಿದೇಶದ ಕೈಬಂದೂಕುಗಳು ಬರುವುದೂ ನಿಂತುಹೋಯಿತು. ಉಳಿದದ್ದು ಮುಖ್ಯವಾಗಿ ಎರಡು ಅಳತೆ: .32 ಮತ್ತು .22. ಕಾನಪುರದ ಸರ್ಕಾರಿ ಕಾರ್ಖಾನೆ ಬಹಳ ವರ್ಷಗಳಿಂದ ಮಾಡುತ್ತಿರುವ .32 ರಿವಾಲ್ವರು ಸುಮಾರು 700 ಗ್ರಾಂ ತೂಗುತ್ತದೆ. ಆರು ತೋಟಾ ಹಿಡಿಸುತ್ತದೆ. ದಿಲ್ಲಿಯಲ್ಲಿ 2012ರ ಡಿಸೆಂಬರಿನ ಆ ಘೋರ ಕೃತ್ಯ ನಡೆದ ಮೇಲೆ, ಹೆಣ್ಣುಮಕ್ಕಳ ಕೈಚೀಲಕ್ಕೆ ಒಪ್ಪುವಂತೆ ಹಗುರವಾದ ಲೋಹದಲ್ಲಿ 500 ಗ್ರಾಮಿನ 'ನಿರ್ಭೀಕ್' ಎಂಬುದನ್ನು 2014ರಲ್ಲಿ ಹೊರತಂದರು. ಈಶಾಪುರದ ಕಾರ್ಖಾನೆ .22ರಲ್ಲಿ 'ನಿಡರ್' ಎಂಬ 250 ಗ್ರಾಮಿನದನ್ನು ಮಾಡಿತು. 2023ರಲ್ಲಿ 'ಪ್ರಬಲ್' ಬಂತು, ಅದು ಮತ್ತೆ.32, ಮತ್ತೆ 700 ಗ್ರಾಂ, ತೋಟಾ ತುಂಬುವ ಉರುಳೆ ಪಕ್ಕಕ್ಕೆ ಹೊರಳುವಂಥದು.

ಮಿತ್ರರ ಮನಸ್ಸು ಅತ್ಯಂತ ಹಗುರವಾದದ್ದರ ಮೇಲಿತ್ತು. ನಾನು ಹೇಳಿದೆ: ಒಯ್ಯಲು ಸುಖವಾದದ್ದು ಹೊಡೆಯಲು ಸುಖವಲ್ಲ. ತೋಟಾ ಅದೇ ಇದ್ದು ಬಂದೂಕಿನ ತೂಕ ಇಳಿದರೆ ಅದು ಹಿಂದಕ್ಕೆ ಒದೆಯುವ ರಭಸ ಏರುತ್ತದೆ. ನಳಿಗೆ ಗಿಡ್ಡವಾದರೆ ಗುಂಡಿನ ವೇಗ ತಗ್ಗುತ್ತದೆ. ಅದಕ್ಕಿಂತ ಹೆಚ್ಚಾಗಿ, ಹಿಂದಿನ ಗುರಿಗೂ ಮುಂದಿನ ಗುರಿಗೂ ನಡುವಿನ ಅಂತರ ಕುಗ್ಗಿ, ಕೈಯ ಕೂದಲೆಳೆಯಷ್ಟು ತಪ್ಪು ಹತ್ತು ಹೆಜ್ಜೆಯಾಚೆಗೆ ಗೇಣುದ್ದವಾಗುತ್ತದೆ. ಹಿಡಿಕೆ ಸಣ್ಣದಾದರೆ ಕಿರುಬೆರಳಿಗೆ ನೆಲೆಯಿರುವುದಿಲ್ಲ. .22ರ ತೋಟಾ ಒದೆಯುವುದಿಲ್ಲ, ನಿಜ; ಆದರೆ ಅದು ಅಂಚಿಗೆ ಏಟು ಬಿದ್ದು ಹತ್ತಿಕೊಳ್ಳುವ ಜಾತಿಯದು, ಒಮ್ಮೊಮ್ಮೆ ಹತ್ತದೆ ಇರುವ ಸಂಭವ .32ಕ್ಕಿಂತ ಜಾಸ್ತಿ. ರಿವಾಲ್ವರಿನ ಗುಣವೆಂದರೆ ಹತ್ತದಿದ್ದರೆ ಮತ್ತೊಮ್ಮೆ ಟ್ರಿಗರ್ ಎಳೆದರಾಯಿತು, ಮುಂದಿನದು ಎದುರಿಗೆ ಬರುತ್ತದೆ. ಆದ್ದರಿಂದ ಭಾರವಾದ .32 ತೆಗೆದುಕೊಳ್ಳಿ; ಕೈಯಲ್ಲಿ ಬಲ ಸಾಲದಿದ್ದರೆ .22. ಯಾವುದನ್ನು ಅಭ್ಯಾಸ ಮಾಡಲು ನಿಮಗೆ ಪುರಸತ್ತಿದೆಯೋ ಅದೇ ನಿಮ್ಮ ಕ್ಯಾಲಿಬರ್. ಅಭ್ಯಾಸಕ್ಕೆ ಪುರಸತ್ತಿಲ್ಲವೆಂದರೆ ಯಾವುದೂ ನಿಮ್ಮದಲ್ಲ.

ಮಿತ್ರರು ಸಮಾಧಾನಪಟ್ಟು ಕಾಗದವನ್ನು ಮಡಚಿದರು. ಚಪ್ಪಲಿ ಮೆಟ್ಟುವಾಗ ತಿರುಗಿ ಕೇಳಿದರು: "ಇಷ್ಟೆಲ್ಲ ತಿಳಿದವರು, ಮತ್ತ ನೀವು ಯಾಕ ಬಿಟ್ಟ್ರಿ?" ಬಸ್ಸಿಗೆ ಹೊತ್ತಾಗಿತ್ತು. ನಾನು ಅರ್ಧ ಉತ್ತರ ಹೇಳಿ ಕಳಿಸಿದೆ. ಉಳಿದರ್ಧ ಇಲ್ಲಿದೆ.

ಆಯುಧವನ್ನು ಮುಟ್ಟುವುದೇ ಪಾಪವೆಂದು ನಾನು ತಿಳಿದವನಲ್ಲ. ಈ ಸೀಮೆಯಲ್ಲಿ ಹುಟ್ಟಿದವನು ಹಾಗೆ ತಿಳಿಯುವುದು ಕಷ್ಟ. ಮುಧೋಳದ ಬದಿಯ ಹಲಗಲಿಯ ಬೇಡರ ಕಥೆ ನಮ್ಮಲ್ಲಿ ಶಾಲೆಯ ಮಕ್ಕಳಿಗೂ ಗೊತ್ತು. 1857ರಲ್ಲಿ ಆಯುಧಗಳನ್ನೆಲ್ಲ ಒಪ್ಪಿಸಬೇಕೆಂದು ಸರ್ಕಾರದ ಕಾಯ್ದೆ ಬಂದಾಗ ಅವರು ಒಪ್ಪಿಸಲಿಲ್ಲ. ಆ ವರ್ಷದ ನವೆಂಬರಿನಲ್ಲಿ ದಂಡು ಬಂತು, ಊರು ಸುಟ್ಟಿತು, ಸೆರೆಸಿಕ್ಕವರಲ್ಲಿ ಹಲವರು ಗಲ್ಲಿಗೇರಿದರು. ಅವರ ಲಾವಣಿಯನ್ನು ಬ್ರಿಟಿಷ್ ಅಧಿಕಾರಿಯೇ ಆದ ಫ್ಲೀಟರು ಮುಂದೆ ಸಂಗ್ರಹಿಸಿ ಅಚ್ಚು ಹಾಕಿಸಿದರೆಂಬುದು ಇತಿಹಾಸದ ಒಂದು ವಿನೋದ. ಹಲಗಲಿಯವರಿಗೆ ಕತ್ತಿ-ಬಂದೂಕು ಬರಿಯ ಕಬ್ಬಿಣವಾಗಿರಲಿಲ್ಲ. ಅವು ಅವರ ಮಾನ. ಇಡೀ ಜನತೆಯ ಕೈಯಿಂದ ಆಯುಧ ಕಿತ್ತುಕೊಂಡದ್ದು ಬ್ರಿಟಿಷರು ಮಾಡಿದ ಅತಿ ಕೆಟ್ಟ ಕೆಲಸಗಳಲ್ಲೊಂದೆಂದು ಅಹಿಂಸೆಯ ಗಾಂಧಿಯವರೂ ಭಾವಿಸಿದ್ದರು. ಕೈಯಲ್ಲಿ ಏನೂ ಇಲ್ಲದ್ದರಿಂದ ಹೊಡೆಯದೆ ಉಳಿದವನ ಅಹಿಂಸೆಗೆ ಬೆಲೆಯೇನು? ಆ ಪ್ರಶ್ನೆ ನ್ಯಾಯವಾದದ್ದೇ. ಇಂದಿಗೂ ಕೊಡಗಿನಲ್ಲಿ ಕೊಡವರಿಗೆ ಬಂದೂಕಿನ ಲೈಸೆನ್ಸಿನಿಂದ ವಿನಾಯಿತಿಯಿದೆ. ಅಲ್ಲಿ ಕೈಲ್‌ಪೊಳ್ದಿನಲ್ಲಿ ಕೋವಿಗೆ ಹೂವಿಡುತ್ತಾರೆ. ಸತ್ತವರಿಗೆ ಕೋವಿಯಿಂದಲೇ ಗೌರವ ಸಲ್ಲಿಸುತ್ತಾರೆ.

ಆದರೆ ಇವೆಲ್ಲ ಕಾಣುವ ಆಯುಧಗಳೆಂಬುದನ್ನು ವಾಚಕರು ಗಮನಿಸಬೇಕು. ಹಲಗಲಿಯ ಕತ್ತಿ ಸೊಂಟದಲ್ಲಿತ್ತು. ಕೊಡಗಿನ ಕೋವಿ ಗೋಡೆಯ ಮೇಲಿದೆ. ನನ್ನ ಮಿತ್ರರು ಕೇಳಿದ್ದು ಕಾಣದ ಆಯುಧವನ್ನು. ಈ ಎರಡರ ನಡುವಿನ ಭೇದ ತೂಕದ್ದಲ್ಲ, ಉದ್ದದ್ದೂ ಅಲ್ಲ.

ಈ ಭೇದ ನನಗೆ ಮೊದಲು ಹೊಳೆದದ್ದು ಬಾದಾಮಿಯಲ್ಲಿ. ಊರಿಂದ ಬಂದ ನೆಂಟರನ್ನು ಕರೆದುಕೊಂಡು ಗುಹೆಗಳ ಮೆಟ್ಟಿಲು ಹತ್ತಿದ್ದೆ. ಕ್ರಿ.ಶ. 578ರಲ್ಲಿ ಮಂಗಳೇಶನು ಮಾಡಿಸಿದ ಮೂರನೆಯ ಗುಹೆಯಲ್ಲಿ ವಿಷ್ಣು ಹಲವು ರೂಪಗಳಲ್ಲಿ ನಿಂತಿದ್ದಾನೆ, ಕುಳಿತಿದ್ದಾನೆ. ಚಕ್ರ, ಶಂಖ, ಗದೆ ಎಲ್ಲವೂ ಚಾಚಿದ ಕೈಗಳಲ್ಲಿ ಎದ್ದು ಕಾಣುತ್ತವೆ. ನಮ್ಮ ಶಿಲ್ಪಿಗಳು ದೇವರ ಆಯುಧವನ್ನು ಉತ್ತರೀಯದೊಳಗೆ ಅಡಗಿಸಲಿಲ್ಲ. ಇನ್ನು ಸ್ವಲ್ಪ ಮೇಲೆ ಹೋದರೆ ನಾಲ್ಕನೆಯ ಗುಹೆ. ಅಲ್ಲಿ ಬಾಹುಬಲಿ ನಿಂತಿದ್ದಾನೆ. ಅಣ್ಣನ ಮೇಲೆ ಗೆದ್ದೂ ಗೆಲುವನ್ನು ಬಿಟ್ಟುಕೊಟ್ಟವನು. ಮೈಮೇಲೆ ಬಟ್ಟೆಯಿಲ್ಲ, ಬಳ್ಳಿ ಮಾತ್ರ. ಏನನ್ನಾದರೂ ಮುಚ್ಚಿಟ್ಟುಕೊಳ್ಳಲು ಅವನಲ್ಲಿ ಜಾಗವೇ ಇಲ್ಲ! ಅಂದು ನನ್ನ ಕೋಟಿನ ಒಳಗಡೆ 700 ಗ್ರಾಂ ಉಕ್ಕು ಇತ್ತು. ನೆಂಟರಿಗೆ ಅದು ಗೊತ್ತಿರಲಿಲ್ಲ. ಅವರು ನಗುತ್ತ ನನ್ನ ಹೆಗಲ ಮೇಲೆ ಕೈಹಾಕಲು ಬಂದಾಗ ನಾನು ಅರ್ಧ ಹೆಜ್ಜೆ ಹಿಂದೆ ಸರಿದೆ, ಕೈಗೆ ಅದು ತಾಗೀತೆಂದು.

ಮುಚ್ಚಿಡುವುದನ್ನು ಸಮರ್ಥಿಸುವ ಮಾತೂ ಇದೆ. ಅದನ್ನು ಹೇಳದಿದ್ದರೆ ಅನ್ಯಾಯವಾದೀತು. ಆಯುಧವನ್ನು ತೋರಿಸಿಕೊಂಡು ತಿರುಗುವವನು ಪೇಟೆಯನ್ನೆಲ್ಲ ಹೆದರಿಸುತ್ತಾನೆ. ಮುಚ್ಚಿಟ್ಟವನು ಯಾರನ್ನೂ ಹೆದರಿಸುವುದಿಲ್ಲ. ನಮ್ಮ 2016ರ ಆಯುಧ ನಿಯಮಗಳೂ ಸಾರ್ವಜನಿಕ ಸ್ಥಳದಲ್ಲಿ ಕೈಬಂದೂಕು ಚೀಲದಲ್ಲಿ ಪೂರ್ತಿ ಮುಚ್ಚಿರಬೇಕೆಂದೇ ಹೇಳುತ್ತವೆ. ಜಾತ್ರೆಗೆ, ಮೆರವಣಿಗೆಗೆ ಒಯ್ಯಬಾರದೆಂದು ಲೈಸೆನ್ಸಿನ ಷರತ್ತು ಬೇರೆ. ಬನಶಂಕರಿಯ ಜಾತ್ರೆಗೆ ನಾನು ಎಂದೂ ಬರಿಗೈಯಲ್ಲೇ ಹೋದೆ. ಇದೆಲ್ಲ ಸರಿಯೇ. ಆದರೆ ಕಾಣುವ ಆಯುಧ ಒಂದು ಮಾತನ್ನಾದರೂ ಆಡುತ್ತದೆ: 'ದೂರವಿರು.' ಎದುರಿನವನಿಗೆ ಯೋಚಿಸಲು ಆಸ್ಪದ ಕೊಡುತ್ತದೆ. ಕಾಣದ ಆಯುಧ ಕೊನೆಯ ಕ್ಷಣದವರೆಗೆ ಏನನ್ನೂ ಹೇಳುವುದಿಲ್ಲ. ಅಲ್ಲಿಯವರೆಗೆ ಅದು ಮಾತಾಡುವುದು ಒಬ್ಬನೊಡನೆ ಮಾತ್ರ, ಅದನ್ನು ಹೊತ್ತವನೊಡನೆ. ಆ ಮಾತು ನನ್ನನ್ನು ಏನು ಮಾಡಿತೆಂಬುದನ್ನು ಹೇಳುತ್ತೇನೆ.

ಹಳೆಯ ಬಾಗಲಕೋಟೆಯಲ್ಲಿ ನಮ್ಮ ಮನೆಯ ಗೋಡೆ ಪಕ್ಕದವರ ಗೋಡೆಯೇ ಆಗಿತ್ತು. ಅವರ ಮನೆಯ ಒಗ್ಗರಣೆಗೆ ನಾವು ಸೀನುತ್ತಿದ್ದೆವು. ರಾತ್ರಿ ಒಬ್ಬ ಕೆಮ್ಮಿದರೆ ಓಣಿಯಲ್ಲಿ ನಾಲ್ವರಿಗೆ ಎಚ್ಚರವಾಗುತ್ತಿತ್ತು. ಆಲಮಟ್ಟಿಯ ಅಣೆಕಟ್ಟಿನ ಹಿನ್ನೀರು ಏರಿ ಊರಿನ ತಗ್ಗು ಭಾಗಗಳು ಮುಳುಗಡೆಗೆ ಸೇರಿದಾಗ ನಾವೆಲ್ಲ ನವನಗರಕ್ಕೆ ಬಂದೆವು. ರಸ್ತೆ ಅಗಲ, ಗಾಳಿ ಬೆಳಕು ಧಾರಾಳ, ಮನೆಯ ಸುತ್ತ ಕಂಪೌಂಡು. ಎಲ್ಲ ಸುಧಾರಿಸಿತು, ಪಕ್ಕದ ಮನೆ ಮಾತ್ರ ಹೊಸಬರದಾಯಿತು. ಕೂಗಿದರೆ ಯಾರಿಗೆ ಕೇಳೀತು ಎಂಬ ಚಿಂತೆ ಮೊದಲ ಬಾರಿಗೆ ನನ್ನ ತಲೆ ಹೊಕ್ಕಿತು. ಆಗ ಒಂದೆರಡು ಕಳ್ಳತನಗಳೂ ಆದವು. ನಾನು 2003ರಲ್ಲಿ ಅರ್ಜಿ ಹಾಕಿ ಲೈಸೆನ್ಸ್ ಪಡೆದು .32 ಕೊಂಡೆ. ಇಂದು ತಿರುಗಿ ನೋಡಿದರೆ, ನಾನು ಕಳೆದುಕೊಂಡದ್ದು ಒಂದು ಓಣಿಯನ್ನು. ಅದರ ಬದಲಿಗೆ ಕೊಂಡದ್ದು ಒಂದು ರಿವಾಲ್ವರನ್ನು.

ಒಂದು ರಾತ್ರಿ ಊರಿಗೆಲ್ಲ ಕರೆಂಟು ಹೋಗಿತ್ತು. ಎರಡು ಗಂಟೆಯ ಸುಮಾರಿಗೆ ಗೇಟು ಕಿರ್ರೆಂದಿತು. ಮೆಟ್ಟಿಲ ಮೇಲೆ ಹೆಜ್ಜೆ ಸಪ್ಪಳ. ನಾನು ದಿಂಬಿನ ಬದಿಯ ಪೆಟ್ಟಿಗೆ ತೆರೆದು ರಿವಾಲ್ವರು ತೆಗೆದುಕೊಂಡು ಬಾಗಿಲ ಹಿಂದೆ ನಿಂತೆ. ಕಲಿಸಿದಂತೆ ಬೆರಳನ್ನು ಟ್ರಿಗರಿನ ಹೊರಗೇ ಇಟ್ಟೆ, ಉಸಿರು ಬಿಗಿಹಿಡಿದೆ. ಬಾಗಿಲ ಮೇಲೆ ಮೆಲ್ಲಗೆ ಬಡಿದ ಸದ್ದು. ಮತ್ತೊಮ್ಮೆ. "ಕಾಕಾ" ಎಂದು ತಗ್ಗಿದ ದನಿ. ನಾನು ಮಾತಾಡಲಿಲ್ಲ. ಕಳ್ಳರು ಹೀಗೂ ಕರೆಯುತ್ತಾರೆಂದು ಎಲ್ಲೋ ಓದಿದ್ದೆ. ಕೆಲವು ನಿಮಿಷದ ಮೇಲೆ ಹೆಜ್ಜೆಗಳು ಹಿಂದಿರುಗಿದವು. ಗೇಟು ಮತ್ತೆ ಕಿರ್ರೆಂದಿತು.

ಬೆಳಿಗ್ಗೆ ತಿಳಿಯಿತು: ಬಂದವನು ಪಕ್ಕದ ಮನೆಯ ಹದಿನಾಲ್ಕರ ಹುಡುಗ. ಅವನ ಅಜ್ಜಿಗೆ ಎದೆನೋವು ಬಂದಿತ್ತು, ತಂದೆ ಪರವೂರಿನಲ್ಲಿದ್ದ. ನಮ್ಮಲ್ಲಿ ಕಾರು ಇತ್ತು. ಕರೆಂಟಿಲ್ಲದ್ದರಿಂದ ಗಂಟೆ ಬಾರಿಸಲಿಲ್ಲ. ಹುಡುಗ ಮೂರನೆಯ ಮನೆಯವರನ್ನು ಎಬ್ಬಿಸಿ ಅಜ್ಜಿಯನ್ನು ಆಸ್ಪತ್ರೆಗೆ ಸೇರಿಸಿದ. ಮುದುಕಿ ಬದುಕಿದಳು, ಅದರಲ್ಲಿ ನನ್ನ ಪುಣ್ಯವೇನೂ ಇಲ್ಲ. "ನಿದ್ದಿ ಹತ್ತಿತ್ತೇನ್ರಿ ಕಾಕಾ, ಬಾಳ ಬಡದ್ಯಾ," ಎಂದು ಹುಡುಗನೇ ನನ್ನ ಪರವಾಗಿ ಸುಳ್ಳು ಒದಗಿಸಿದ. ನಾನು ಹೌದೆಂದೆ.

ಈ ಕಥೆ ಕೇಳಿದವರು, 'ಸದ್ಯ, ನೀವು ಗುಂಡು ಹಾರಿಸಲಿಲ್ಲವಲ್ಲ' ಎನ್ನುತ್ತಾರೆ. ನಾನು ಹಾರಿಸುತ್ತಿರಲಿಲ್ಲ, ಅಷ್ಟು ಸಂಯಮ ನನಗಿತ್ತೆಂದು ನಂಬಿದ್ದೇನೆ. ನನ್ನನ್ನು ಕಾಡುವುದು ಬೇರೆ. ಹಳೆಯ ಊರಿನಲ್ಲಿ, ಬರಿಗೈಯವನಾಗಿದ್ದಾಗ, ಬಾಗಿಲು ಸಪ್ಪಳವಾದೊಡನೆ ನನ್ನ ಬಾಯಿಂದ ಬರುತ್ತಿದ್ದ ಮೊದಲ ಮಾತು 'ಯಾರದು?' ಎಂದು. ಆ ರಾತ್ರಿ ಅದು ಬರಲಿಲ್ಲ. ಕೈಯಲ್ಲಿ ರಿವಾಲ್ವರು ಇದ್ದವನಿಗೆ ಮಾತಾಡುವುದೆಂದರೆ ತಾನಿರುವ ಜಾಗ ತಿಳಿಸಿದಂತೆ, ಮೌನವೇ ಲಾಭ. ಕಿಸೆಯ ಆಯುಧ ನನ್ನ ಪ್ರಾಣವನ್ನು ಕಾಯಿತೋ ಇಲ್ಲವೋ ಗೊತ್ತಿಲ್ಲ. ನನ್ನ ಬಾಯಿಂದ 'ಯಾರದು?' ಎಂಬ ಎರಡು ಕಾಸಿನ ಪ್ರಶ್ನೆಯನ್ನು ಕಸಿದುಕೊಂಡದ್ದು ಮಾತ್ರ ನಿಶ್ಚಯ. ಆ ಪ್ರಶ್ನೆಯಲ್ಲೇ ಅಲ್ಲವೇ ನೆರೆಹೊರೆ ಎಂಬುದು ಇರುವುದು?

ನಮ್ಮ ದಂಡಸಂಹಿತೆ ಈ ವಿಷಯದಲ್ಲಿ ಬಹಳ ವಿವೇಕದಿಂದ ನಡೆದುಕೊಂಡಿದೆ. 1860ರ ಸಂಹಿತೆಯಲ್ಲಿದ್ದ ಆತ್ಮರಕ್ಷಣೆಯ ಹಕ್ಕು 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲೂ ಉಳಿದಿದೆ. ಪ್ರಾಣಭಯವಿದ್ದಾಗ ಕೊಲ್ಲುವವರೆಗೂ ಆ ಹಕ್ಕು ಹೋಗುತ್ತದೆ. ಆದರೆ ಜೊತೆಗೆ ಎರಡು ಗೆರೆಗಳಿವೆ: ಅವಶ್ಯವಿದ್ದುದಕ್ಕಿಂತ ಹೆಚ್ಚು ಕೇಡು ಮಾಡಬಾರದು, ಸರ್ಕಾರದ ರಕ್ಷಣೆ ಪಡೆಯಲು ಸಮಯವಿದ್ದಾಗ ಆ ಹಕ್ಕಿಲ್ಲ. ಈ ಗೆರೆಗಳನ್ನು ನ್ಯಾಯಾಧೀಶರು ತಿಂಗಳುಗಟ್ಟಲೆ ಕುಳಿತು ಅಳೆಯುತ್ತಾರೆ. ಬಾಗಿಲ ಹಿಂದಿನವನಿಗೆ ಸಿಗುವುದು ಎರಡು ಉಸಿರಿನ ಕಾಲ, ಅದೂ ಕತ್ತಲಲ್ಲಿ, ಅದೂ ಹೆದರಿದ ಕಣ್ಣಿನಿಂದ. ಕೈಯಲ್ಲಿ ಹಗುರವಾದ, ಗಿಡ್ಡ ನಳಿಗೆಯ ರಿವಾಲ್ವರು. ಬಾಗಿಲ ಹಲಗೆಯನ್ನು ಗುಂಡು ದಾಟಿಹೋದರೆ ಆಚೆ ಯಾರಿದ್ದಾರೆಂದು ಅದು ಕೇಳುವುದಿಲ್ಲ.

ಹಾಗಾದರೆ ಬಾಗಿಲು ತೆರೆದವರಿಗೆಲ್ಲ ಒಳ್ಳೆಯದೇ ಆಯಿತೇ? ಇಲ್ಲ. 2015ರ ಆಗಸ್ಟ್ 30ರಂದು ಬೆಳಿಗ್ಗೆ ಧಾರವಾಡದಲ್ಲಿ ಎಂ. ಎಂ. ಕಲಬುರ್ಗಿಯವರ ಮನೆಯ ಬಾಗಿಲಿಗೆ ಬಂದವನು ಅವರನ್ನು ಗುಂಡಿಟ್ಟು ಕೊಂದ. 2017ರ ಸೆಪ್ಟೆಂಬರ್ 5ರಂದು ಬೆಂಗಳೂರಿನಲ್ಲಿ ಗೌರಿ ಲಂಕೇಶರೂ ತಮ್ಮ ಮನೆಯ ಹೊಸ್ತಿಲಲ್ಲೇ ಹತರಾದರು. ತನಿಖೆಯ ಪ್ರಕಾರ ಎರಡೂ ಕಡೆ ಬಳಸಿದ್ದು 7.65 ಮಿ.ಮೀ. ನಾಡಪಿಸ್ತೂಲು, ನನ್ನ ಮಿತ್ರರ ಪಟ್ಟಿಯಲ್ಲಿದ್ದ.32ಕ್ಕೂ ನಮ್ಮ ಕಾರ್ಖಾನೆಯವರು ಕೊಡುವ ಅಳತೆ ಅದೇ 7.65. ಆ ಕೊಲೆಗಾರನ ಆಯುಧವೂ ಕಾಣದ ಆಯುಧವೇ ಆಗಿತ್ತೆಂಬುದನ್ನು ನಾನು ಮರೆಯಲಾರೆ. 1948ರ ಜನವರಿ 20ರಂದು ಬಾಂಬು ಸಿಡಿದ ಮೇಲೂ ಪ್ರಾರ್ಥನೆಗೆ ಬರುವವರ ಮೈತಪಾಸಣೆ ಬೇಡವೆಂದರು ಗಾಂಧೀಜಿ. ಹತ್ತು ದಿನಕ್ಕೆ, ಕೈಮುಗಿದವನ ಕೈಯಿಂದಲೇ ಗುಂಡು ಬಂತು. ಇಂಥ ಕೊಲೆಗೆ ಎದುರಾಗಿ ನಮ್ಮ ಕಿಸೆಯ ರಿವಾಲ್ವರು ಕೆಲಸಕ್ಕೆ ಬಾರದು. ಬರುವವನು ಕ್ಷಣವನ್ನು ತಾನೇ ಆರಿಸಿರುತ್ತಾನೆ. ಹಾಗೆಂದು ಬೆದರಿಕೆ ಬಂದವರಿಗೆ, ಹೊಲದ ಒಂಟಿಮನೆಯಲ್ಲಿ ಇರುವ ಹೆಣ್ಣುಮಗಳಿಗೆ, 'ಇಟ್ಟುಕೊಳ್ಳಬೇಡಿ' ಎಂದು ಹೇಳುವ ಅಧಿಕಾರ ನನಗಿಲ್ಲ. ಪೊಲೀಸ್ ಠಾಣೆ ಹತ್ತು ಮೈಲಿ ಆಚೆಯಿರುವವರಿಗೆ ನವನಗರದಲ್ಲಿ ಕುಳಿತು ನೀತಿ ಹೇಳುವುದು ಸುಲಭದ ಕೆಲಸ. ಅವರ ಭಯಕ್ಕೆ ಕಾರಣವಿದೆ, ಹೆಸರಿದೆ, ಮುಖವಿದೆ. ನನ್ನ ಭಯಕ್ಕೆ ಮುಖವಿರಲಿಲ್ಲ. ಆದ್ದರಿಂದ ಅದು ಬಾಗಿಲಿಗೆ ಬಂದ ಯಾವ ಮುಖವನ್ನಾದರೂ ಹಾಕಿಕೊಳ್ಳುತ್ತಿತ್ತು.

ಇನ್ನೊಂದು ಅನುಭವವನ್ನೂ ಹೇಳಬೇಕು. ಚುನಾವಣೆ ಬಂದಾಗಲೆಲ್ಲ ಆಯುಧಗಳನ್ನು ಠಾಣೆಯಲ್ಲಿ ಠೇವಣಿ ಇಡಬೇಕೆಂದು ಆದೇಶವಾಗುತ್ತದೆ. ನಾನೂ ಹಲವು ಸಲ ಇಟ್ಟು ರಸೀತಿ ತಂದಿದ್ದೇನೆ. ಮೊದಲ ವಾರ ಬೆತ್ತಲೆಯಾದಂತೆ ಅನಿಸುತ್ತಿತ್ತು. ಎರಡನೆಯ ವಾರದಿಂದ ನಿದ್ರೆ ಗಾಢವಾಗುತ್ತಿತ್ತು. ಎಣಿಕೆ ಮುಗಿದು ಆಯುಧ ಮನೆಗೆ ಮರಳಿದ ರಾತ್ರಿಯಿಂದ ಗೇಟಿನ ಸಪ್ಪಳ ಮತ್ತೆ ಕೇಳಿಸತೊಡಗುತ್ತಿತ್ತು. ಕಳ್ಳರು ಚುನಾವಣೆಯ ಆದೇಶ ಓದಿಕೊಂಡು ಬಿಡುವು ಮಾಡುತ್ತಿದ್ದರೆಂದು ನಾನು ನಂಬಲಾರೆ!

ಕಾರ್ಖಾನೆಯವರು ಇಟ್ಟ ಹೆಸರುಗಳನ್ನು ನೋಡಿ: ನಿರ್ಭೀಕ್, ನಿಡರ್. ಎರಡರ ಅರ್ಥವೂ ಭಯವಿಲ್ಲದವನು ಎಂದೇ. ಕೊಳ್ಳಲು ಬರುವವನು ಏನನ್ನು ಅರಸಿ ಬರುತ್ತಾನೆಂದು ಅವರಿಗೆ ಚೆನ್ನಾಗಿ ಗೊತ್ತು. ಆದರೆ ಈ ಸರಕನ್ನು ದಿನವೂ ಬಳಸಬೇಕಾದರೆ ಭಯವನ್ನು ದಿನವೂ ಹೊಸದಾಗಿ ಹುರಿದುಂಬಿಸಿಕೊಳ್ಳಬೇಕಾಗುತ್ತದೆ. ಬೆಳಿಗ್ಗೆ ಸೊಂಟಕ್ಕೆ ಚೀಲ ಕಟ್ಟುವಾಗಲೆಲ್ಲ, 'ಇಂದು ಯಾರಾದರೂ ನನ್ನನ್ನು ಕೊಲ್ಲಲು ಬರಬಹುದು' ಎಂದು ಒಮ್ಮೆ ನೆನೆಯದೆ ಅದನ್ನು ಕಟ್ಟುವುದು ಹೇಗೆ? ಹೀಗೆ ಹನ್ನೊಂದು ವರ್ಷ ನೆನೆದವನಿಗೆ ಅದು ಚಟವಾಗದೆ ಇದ್ದೀತೇ?

ಚಟವೆಂದೊಡನೆ ಮಿತ್ರರ ಊರೇ ನೆನಪಾಗುತ್ತದೆ. ಇಳಕಲ್ಲಿನ ವಿಜಯ ಮಹಾಂತೇಶ ಮಠದ ಡಾ. ಮಹಾಂತ ಸ್ವಾಮಿಗಳು 1975ರಿಂದ ಜೋಳಿಗೆ ಹಿಡಿದು ಊರೂರು ತಿರುಗಿ, ಜನರ ಸೆರೆ, ಬೀಡಿ, ಗುಟಕಾಗಳನ್ನು ಭಿಕ್ಷೆ ಬೇಡಿದರು. ಅವರು ಹುಟ್ಟಿದ ಆಗಸ್ಟ್ 1 ಇಂದು ನಾಡಿನಲ್ಲಿ ವ್ಯಸನಮುಕ್ತ ದಿನವಾಗಿದೆ. ಧಾನ್ಯ ಬೇಡದೆ ದುಶ್ಚಟ ಬೇಡಿದ ಆ ಜೋಳಿಗೆಯ ಮರ್ಮ ನನಗೆ ತಡವಾಗಿ ತಿಳಿಯಿತು. ಬಾಟಲಿಯನ್ನು ಒಡೆಯುವುದು ಒಂದು ಕ್ಷಣದ ಕೆಲಸ. ಬಾಟಲಿ ಬೇಕೆನ್ನಿಸಿದ ಒಳಗಿನ ಟೊಳ್ಳನ್ನು ಯಾರಿಗಾದರೂ ಒಪ್ಪಿಸುವುದು ಅಷ್ಟು ಸುಲಭವಲ್ಲ.

2014ರಲ್ಲಿ ನಾನು ರಿವಾಲ್ವರನ್ನು ಲೈಸೆನ್ಸ್ ಇರುವ ಅಂಗಡಿಗೆ ಒಪ್ಪಿಸಿ, ಲೈಸೆನ್ಸನ್ನು ಹಿಂದಿರುಗಿಸಿದೆ. ಅದು ಗಾಂಧೀಜಿಯ ಧೈರ್ಯವಲ್ಲ; ಅಂಥ ಮಾತಾಡಿದರೆ ನನ್ನ ಹೆಂಡತಿಯೇ ನಕ್ಕಾಳು. ಎರಡು ಭಯಗಳಲ್ಲಿ ದೊಡ್ಡದು ಯಾವುದೆಂದು ಗೊತ್ತಾಯಿತು, ಅಷ್ಟೆ. ಆಮೇಲೆ ಎಷ್ಟೋ ತಿಂಗಳು ಸಪ್ಪಳವಾದೊಡನೆ ಕೈ ದಿಂಬಿನ ಬದಿಗೆ ಹೋಗುತ್ತಿತ್ತು. ಈಗ ಹೋಗುವುದಿಲ್ಲ. ಪಕ್ಕದ ಮನೆಯ ಹುಡುಗ ಈಗ ದೊಡ್ಡವನಾಗಿದ್ದಾನೆ. ಅವನಿಗೆ ನಿಜ ಹೇಳಲು ನನಗೆ ಇನ್ನೂ ಆಗಿಲ್ಲ. ಈ ಪುರವಣಿಯನ್ನು ಅವನು ಓದಿದರೆ ತಿಳಿದುಕೊಳ್ಳಲಿ.

ನನ್ನ ಮಿತ್ರರು ಕೊಳ್ಳುತ್ತಾರೆಂದೇ ನನ್ನ ಅಂದಾಜು, ಭಾರವಾದ.32ನ್ನೇ ಕೊಳ್ಳುತ್ತಾರೆ, ಏಕೆಂದರೆ ನನ್ನ ಮಾತಿಗೆ ಅವರು ಬೆಲೆ ಕೊಡುವವರು. ಬೇಡವೆಂದು ನಾನು ಹೇಳಲಿಲ್ಲ. ಅವರಿಗೂ ಅವರ ರಾತ್ರಿಗಳಿವೆ, ಅವನ್ನು ನಾನು ಕಂಡಿಲ್ಲ. ಬಸ್ಸು ಹತ್ತುವಾಗ ಒಂದನ್ನು ಮಾತ್ರ ಕೇಳಿಕೊಂಡೆ: ಕತ್ತಲಲ್ಲಿ ಸಪ್ಪಳವಾದಾಗ, ಕೈ ಕಿಸೆಗೆ ಹೋಗುವ ಮೊದಲು, ಗಟ್ಟಿಯಾಗಿ 'ಯಾರದು?' ಅನ್ನಿ.

"ಇಷ್ಟ ಏನ್ರಿ?" ಎಂದು ಅವರು ನಕ್ಕರು.

ಇಷ್ಟೇ.